ಐಸಿಯು ಡ್ಯೂಟಿ ಮಾಡುತ್ತಾ ನಾನು ಕಲ್ಲಾಗುತ್ತಿದ್ದೀನಾ?

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ನಮ್ಮೂರು ಜಗಳೂರು ಕಡೆ. ಮೊದಮೊದಲು ಪೇಷೆಂಟ್ ತೀರಿಕೊಂಡರೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಈಗ ಅಳುವೇ ಬರುವುದಿಲ್ಲ. ಎರಡು ವಾರದ ಹಿಂದೆ ಹೈವೇಯಲ್ಲಿ ಆಕ್ಸಿಡೆಂಟ್ ಆಗಿ ಬಂದಿದ್ದ ಹುಡುಗನನ್ನು ದುಡ್ಡು ಸಾಲದೆ ಮನೆಯವರು ಕರೆದುಕೊಂಡು ಹೋದರು. ವೆಂಟಿಲೇಟರ್ ಬಿಚ್ಚಿ, ಆಂಬುಲೆನ್ಸ್ ತನಕ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತಿದ್ದು ನಾನೇ. ಅವತ್ತಿನಿಂದ ಮನೆಯಲ್ಲಿ ಮಲಗಿದರೂ ಮಾನಿಟರ್ ಸದ್ದು ಕೇಳಿದ ಹಾಗಾಗುತ್ತದೆ. ಸಣ್ಣ ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಸೀನಿಯರ್‌ಗಳಿಗೆ ಹೇಳಿದರೆ "ಅಭ್ಯಾಸ ಆಗುತ್ತೆ, ಗಟ್ಟಿಯಾಗು" ಅನ್ನುತ್ತಾರೆ. ನಾನು ಕಲ್ಲಾಗುತ್ತಿದ್ದೀನಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ಸಿಸ್ಟರ್, ನಿಮ್ಮ ಪತ್ರದಲ್ಲಿ ಬೇರೆ ಬೇರೆ ನೋವುಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅಳು ನಿಂತಿರುವುದು ಒಂದು. ಆ ಹುಡುಗನ ವಿಷಯ ಇನ್ನೊಂದು. ನಿದ್ದೆ ಕೆಟ್ಟು ಮಗಳ ಮೇಲೆ ರೇಗುವುದು ಮತ್ತೊಂದು. "ಗಟ್ಟಿಯಾಗು" ಅನ್ನುವ ಒಂದೇ ಔಷಧಿ ಇವಕ್ಕೆಲ್ಲ ಸಾಲುವುದಿಲ್ಲ. ಹುಡುಗನಿಂದಲೇ ಶುರು ಮಾಡುತ್ತೇನೆ. "ಒತ್ತಿದ್ದು ನಾನೇ" ಅಂತ ಬರೆದಿದ್ದೀರಲ್ಲ, ಹೆಚ್ಚಿನ ಭಾರ ಅಲ್ಲೇ ಇದೆ ಅನ್ನಿಸುತ್ತದೆ.

ದಾವಣಗೆರೆಯ ಐಸಿಯುಗಳಿಗೆ ಯಾರು ಬರುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹರಿಹರ, ಚನ್ನಗಿರಿ, ಹೊನ್ನಾಳಿ, ಜಗಳೂರು, ಹರಪನಹಳ್ಳಿ, ಇತ್ತ ಚಿತ್ರದುರ್ಗ, ಚಳ್ಳಕೆರೆ. ಹೆದ್ದಾರಿ 48ರಲ್ಲಿ ಬಿದ್ದವರು, ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು. ಬಹಳಷ್ಟು ಜನ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದ ಮೇಲೆ ಇಲ್ಲಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಸಮಯವೂ ಕಳೆದಿರುತ್ತದೆ, ದುಡ್ಡೂ ಕರಗಿರುತ್ತದೆ. ಒಡವೆ ಅಡ ಇಟ್ಟು ಇನ್ನಷ್ಟು ದಿನ ನೋಡುತ್ತಾರೆ. ಕೊನೆಗೆ "ಮನೆಗೆ ಕರ್ಕೊಂಡು ಹೋಗ್ತೀವಿ" ಅಂತ ಸಹಿ ಹಾಕುತ್ತಾರೆ. ಸಹಿ ಅವರದು, ಆರ್ಡರ್ ಬರೆಯುವವರು ಡಾಕ್ಟರು. ಆದರೆ ಟ್ಯೂಬಿನ ಮೇಲೆ ಕೈ ಇಡಬೇಕಾದವರು ನೀವು.

1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ನರ್ಸ್‌ಗಳ ಕೆಲಸದ ಬಗ್ಗೆ ಬರೆಯುವಾಗ ಇದನ್ನು ನೈತಿಕ ಸಂಕಟ ಅಂತ ಕರೆದರು. ಸರಿ ಯಾವುದು ಅಂತ ನಿಮಗೆ ಗೊತ್ತಿದೆ. ಆದರೆ ಅದನ್ನು ಮಾಡುವುದಕ್ಕೆ ದಾರಿ ಇಲ್ಲ. ದುಡ್ಡು ಅಡ್ಡ ಬರುತ್ತದೆ, ನಿಯಮ ಅಡ್ಡ ಬರುತ್ತದೆ, ಮೇಲಿನವರ ಮಾತು ಅಡ್ಡ ಬರುತ್ತದೆ. ಬರೀ ದುಃಖವಾದರೆ ಅತ್ತರೆ ಸ್ವಲ್ಪ ಇಳಿಯುತ್ತದೆ. ಇದು ಹಾಗೆ ಇಳಿಯುವುದಿಲ್ಲ, ಯಾಕೆಂದರೆ ಇದರೊಳಗೆ ಅಪರಾಧಿ ಭಾವ ಸೇರಿಕೊಂಡಿರುತ್ತದೆ. ಪ್ರತಿ ಸಲವೂ ಸ್ವಲ್ಪ ಉಳಿದುಹೋಗುತ್ತದೆ. ಮುಂದಿನ ಸಲ ಅದರ ಮೇಲೆ ಇನ್ನೊಂದಿಷ್ಟು. ಹಾಗಾಗಿ ಒಂದು ದಿನ ಸಣ್ಣ ಘಟನೆಗೂ ಮನಸ್ಸು ಕುಸಿಯಬಹುದು, ಅಥವಾ ಪೂರ್ತಿ ಮರಗಟ್ಟಬಹುದು.

ಆ ಹುಡುಗನ ಪ್ರಾಣ ತೆಗೆದಿದ್ದು ನಿಮ್ಮ ಕೈ ಅಲ್ಲ. ಅವನ ಗಾಯ, ಮತ್ತೆ ದುಡ್ಡು ಇಲ್ಲದ ಪರಿಸ್ಥಿತಿ. ಆ ಕಾರಿಡಾರ್‌ನಲ್ಲಿ ಅವನಿಗೆ ಉಸಿರು ಕೊಡುತ್ತಿದ್ದವರು ನೀವು. ಐಸಿಯು ಅನ್ನುವುದು ಹುಟ್ಟಿದ್ದೇ ಇಂಥ ಕೈಗಳಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ, ಉಸಿರಾಡಲು ಆಗದ ಮಕ್ಕಳು ಸಾಲುಸಾಲಾಗಿ ಬಂದರು. ಬೇಕಾದಷ್ಟು ಯಂತ್ರ ಇರಲಿಲ್ಲ. ಬಿಯಾರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞರ ಸಲಹೆಯಂತೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲೂ ರಾತ್ರಿ ಹಾಸಿಗೆ ಪಕ್ಕ ಕೂತು ಕೈಯಲ್ಲಿ ಚೀಲ ಒತ್ತಿದರು. ಎಷ್ಟೋ ಮಕ್ಕಳು ಬದುಕಿದರು. ಎಷ್ಟೋ ಮಕ್ಕಳು ಚೀಲ ಒತ್ತುತ್ತಿರುವಾಗಲೇ ಹೋದರು. ಅವತ್ತು ಒತ್ತಿದವರು ಕೊಂದವರಲ್ಲ ಅಂತ ನಮಗೆ ಸುಲಭವಾಗಿ ಒಪ್ಪಿಗೆ ಆಗುತ್ತದೆ, ಅಲ್ವಾ? ನಿಮ್ಮ ವಿಷಯದಲ್ಲೂ ಅದೇ ನಿಜ.

ಆದರೆ ಇಷ್ಟು ಹೇಳಿದ ಮಾತ್ರಕ್ಕೆ ಸಂಕಟ ಹೋಗುವುದಿಲ್ಲ. ಕೈ ಕಟ್ಟಿಹೋಗಿದೆ ಅನ್ನುವ ಭಾವನೆಯಿಂದ ಬರುವ ನೋವು ಇದು. ಹಾಗಾಗಿ ಸಣ್ಣದಾದರೂ ಏನಾದರೂ ಮಾಡುವ ಜಾಗ ಸಿಕ್ಕರೆ ಕಡಿಮೆಯಾಗುತ್ತದೆ. ಅಂಥ ಜಾಗಗಳು ಇವೆ.

ಮೊದಲನೆಯದು ದುಡ್ಡಿನ ಕಡೆ. ಪೇಷೆಂಟ್ ಕಡೆಯವರಿಗೆ ಯೋಜನೆಗಳ ನೆನಪು ಬರುವುದು ಕೈ ಖಾಲಿಯಾದ ಮೇಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ರಸ್ತೆ ಅಪಘಾತಕ್ಕೆ 2025ರಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಗದುರಹಿತ ಯೋಜನೆ ತಂದಿದೆ. ಅಪಘಾತ ಆದ ದಿನದಿಂದ 7 ದಿನ, ಒಂದೂವರೆ ಲಕ್ಷದ ತನಕ. ಯಾವುದು ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಅಡ್ಮಿಷನ್ ದಿನವೇ "ರೇಷನ್ ಕಾರ್ಡ್ ತಂದಿದ್ದೀರಾ? ಆರೋಗ್ಯಮಿತ್ರ ಕೌಂಟರ್‌ಗೆ ಹೋಗಿ ಬಂದ್ರಾ?" ಅಂತ ಕೇಳುವುದನ್ನು ನಿಮ್ಮ ಐಸಿಯುನ ರೂಢಿ ಮಾಡಿ. ಅದು ನರ್ಸಿನ ಕೆಲಸವಾ ಅಂತ ಯಾರಾದರೂ ಕೇಳಬಹುದು. ನಾಲ್ಕನೇ ದಿನ ಟ್ಯೂಬ್ ಬಿಚ್ಚುವ ಕೆಲಸ ನಿಮ್ಮ ಪಾಲಿಗೆ ಬರುವುದಾದರೆ, ಮೊದಲನೇ ದಿನದ ಈ ಪ್ರಶ್ನೆಯೂ ನಿಮ್ಮ ಪಾಲಿಗೆ ಇರಲಿ. ಎಲ್ಲರೂ ಇದರಿಂದ ಉಳಿಯುವುದಿಲ್ಲ. ಆದರೆ ಕೆಲವರಿಗೆ ಚಿಕಿತ್ಸೆ ಮುಂದುವರಿಯುತ್ತದೆ.

ಎರಡನೆಯದು, ಕರೆದುಕೊಂಡು ಹೋಗುವುದು ಖಚಿತ ಆದ ಮೇಲಿನ ಆ ಒಂದು ಗಂಟೆ. ನೋವು, ಉಸಿರಿನ ತೊಳಲಾಟ ಕಡಿಮೆ ಆಗಲು ಏನು ಕೊಡಬಹುದು ಅಂತ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಸಕ್ಷನ್ ಮಾಡಿ ಗಂಟಲಿನ ಕಫ ತೆಗೆಯಿರಿ, ಮುಖ ಒರೆಸಿ, ಒಳ್ಳೆ ಬೆಡ್‌ಶೀಟ್ ಹೊದಿಸಿ. ದಾರಿಯಲ್ಲಿ ಏನಾಗಬಹುದು, ಉಸಿರು ಹೇಗೆ ಬದಲಾಗುತ್ತದೆ ಅಂತ ಮನೆಯವರಲ್ಲಿ ಒಬ್ಬರಿಗೆ ಸಮಾಧಾನವಾಗಿ ಹೇಳಿ. ಅಮ್ಮನ ಕೈಯನ್ನು ಮಗನ ಕೈ ಮೇಲೆ ಇಡಿಸಿ. ಇದು ಚಿಕಿತ್ಸೆಯೇ. ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ಇದರ ಉಲ್ಟಾ ಸಂಕಟವೂ ಇದೆ. ಬದುಕುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ದಿನಾ ಸೂಜಿ, ದಿನಾ ಹೊಸ ಪೈಪ್. "ಯಾಕೆ ಹೀಗೆ ಹಿಂಸೆ ಕೊಡ್ತಿದ್ದೀವಿ" ಅಂತ ನಿಮಗೂ ಅನ್ನಿಸಿರಬೇಕು. ಇಲ್ಲಿ ಕಾನೂನು ಈಗ ಸ್ವಲ್ಪ ದಾರಿ ಬಿಟ್ಟಿದೆ. ಗುಣವಾಗುವ ಆಸೆ ಇಲ್ಲದ ರೋಗಿಗೆ ಕೃತಕ ಜೀವಾಧಾರ ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಈಗ ಆಸ್ಪತ್ರೆಯೊಳಗೆ ಎರಡು ಹಂತದ ವೈದ್ಯರ ಮಂಡಳಿ ನೋಡಬೇಕು, ಮನೆಯವರ ಒಪ್ಪಿಗೆ ಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಒಬ್ಬರು ನಮ್ಮ ದಾವಣಗೆರೆಯವರೇ, ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. ಈ ದಾರಿಯಲ್ಲಿ ಹೋದರೆ ರೋಗಿಯನ್ನು ಅಪರಾತ್ರಿ ಆಂಬುಲೆನ್ಸ್‌ಗೆ ಹಾಕಬೇಕಿಲ್ಲ. ನೋವಿಗೆ ಔಷಧಿ ಕೊಡುತ್ತಾ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಸ್ಪತ್ರೆಯಲ್ಲೇ ನೋಡಿಕೊಳ್ಳಬಹುದು. ಮಂಡಳಿ ಕರೆಯುವುದು ನಿಮ್ಮ ಕೈಯಲ್ಲಿಲ್ಲ. ಆದರೆ ರೌಂಡ್ಸ್‌ನಲ್ಲಿ "ಸರ್, ಈ ಪೇಷೆಂಟ್‌ಗೆ ನಾವೀಗ ಏನು ಸಾಧಿಸೋಕೆ ನೋಡ್ತಿದ್ದೀವಿ?" ಅಂತ ಕೇಳಬಹುದು. ದಿನವಿಡೀ ಹಾಸಿಗೆ ಪಕ್ಕ ಇರುವವರು ಈ ಪ್ರಶ್ನೆ ಕೇಳಿದರೆ ಅದಕ್ಕೆ ತೂಕ ಇರುತ್ತದೆ. ಮನೆಯವರ ಜೊತೆ ಡಾಕ್ಟರು ಮಾತಾಡುವಾಗ ನೀವೂ ನಿಂತಿರಬೇಕು ಅಂತ ಕೇಳಿಕೊಳ್ಳಿ. ನಿರ್ಧಾರ ಯಾಕೆ ಆಯಿತು ಅಂತ ಗೊತ್ತಿದ್ದಾಗ ಅದನ್ನು ಕೈಯಾರೆ ಮಾಡುವುದು ಅಷ್ಟು ಚುಚ್ಚುವುದಿಲ್ಲ.

ಈಗ ಅಳು ನಿಂತ ವಿಷಯಕ್ಕೆ ಬರುತ್ತೇನೆ. ಸಿಪಿಆರ್ ಮಾಡುವಾಗ ಯಾರೂ ಅಳುತ್ತಾ ಕೂರಲು ಆಗುವುದಿಲ್ಲ. ಮನಸ್ಸು ತಾನೇ ಅಂಗಡಿ ಶಟರ್ ಎಳೆದ ಹಾಗೆ ಭಾವನೆಯನ್ನು ಮುಚ್ಚುತ್ತದೆ. ಅದು ಒಳ್ಳೆಯದೇ. ಡ್ಯೂಟಿ ಮುಗಿದ ಮೇಲೂ ಶಟರ್ ಮೇಲೇಳದಿದ್ದರೆ ತೊಂದರೆ. ಹೀಗೆ ನೋಡಿ: ರಜೆಯ ದಿನ ಮಗಳು ನಕ್ಕರೆ ನಿಮಗೂ ನಗು ಬರುತ್ತದಾ? ಊರಿಗೆ ಹೋದರೆ ಅಮ್ಮನ ಹತ್ತಿರ ಮಾತಾಡಬೇಕು ಅನ್ನಿಸುತ್ತದಾ? ಬರುತ್ತದೆ ಅಂದರೆ ನೀವು ಕಲ್ಲಾಗಿಲ್ಲ, ಡ್ಯೂಟಿಯಲ್ಲಿ ಮಾತ್ರ ಮುಚ್ಚಿಕೊಳ್ಳುತ್ತಿದ್ದೀರಿ. ಎಲ್ಲ ಕಡೆಯೂ ಬಣ್ಣ ಮಾಸಿದ ಹಾಗಿದ್ದರೆ, ಪೇಷೆಂಟ್ ಕಡೆಯವರು ಒಂದು ಪ್ರಶ್ನೆ ಕೇಳಿದರೂ ಸಿಡುಕು ಬರುತ್ತಿದ್ದರೆ, ಏನು ಮಾಡಿದರೂ ಅಷ್ಟೇ ಅನ್ನಿಸುತ್ತಿದ್ದರೆ, ಅದು ಬರ್ನೌಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ಕಾಯಿಲೆಗಳ ತನ್ನ ಹೊಸ ಪಟ್ಟಿಯಲ್ಲಿ ಇದನ್ನು ಕಾಯಿಲೆ ಅಂತ ಹಾಕಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಬರುವ ಸ್ಥಿತಿ ಅಂತ ಹಾಕಿದೆ. ಈ ಮಾತು ನಿಮ್ಮ ಸೀನಿಯರ್‌ಗಳಿಗೂ ಆಡಳಿತದವರಿಗೂ ಗೊತ್ತಿರಬೇಕು. ಇದರ ಮೂಲ ಕೆಲಸದಲ್ಲಿದೆ, ನಿಮ್ಮ ಸ್ವಭಾವದಲ್ಲಿ ಅಲ್ಲ.

"ಗಟ್ಟಿಯಾಗು" ಅನ್ನುವವರು ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದರು. ಆದರೆ ಒಳಗೆ ಅದುಮಿಟ್ಟರೆ ಆಗುವುದೇನು ಅಂತ ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. ನೋಡಲು ಕಷ್ಟವಾಗುವ ಸಿನಿಮಾ ತುಣುಕು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ಕಾಣಬಾರದು ಅಂದರು. ಮುಖದಲ್ಲಿ ಕಾಣಲಿಲ್ಲ. ಒಳಗಿನ ಸಂಕಟ ಮಾತ್ರ ಅಷ್ಟೇ ಇತ್ತು, ಮೈ ಇನ್ನೂ ಜಾಸ್ತಿ ಒತ್ತಡ ತೋರಿಸಿತು. ಹೀಗೆ ಅದುಮಿಡುವವರಿಗೆ ನೋಡಿದ್ದು ನೆನಪಲ್ಲಿ ಉಳಿಯುವುದೂ ಕಡಿಮೆ ಅಂತ ಮುಂದಿನ ಪರೀಕ್ಷೆಗಳಲ್ಲಿ ಕಂಡಿತು. ಡೋಸ್ ಲೆಕ್ಕ ಹಾಕುವ, ಇನ್ಫ್ಯೂಷನ್ ಪಂಪ್ ಹೊಂದಿಸುವ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ವಾರ್ಡಿನ ಮಧ್ಯೆ ಕೂತು ಅಳಿ ಅಂತಲ್ಲ. ಒಂದು ಸಣ್ಣ ಬಿಡುವು ಬೇಕು. ಜೊನಾಥನ್ ಬಾರ್ಟೆಲ್ಸ್ ಎಂಬ ಅಮೆರಿಕದ ನರ್ಸ್ ಒಂದು ರೂಢಿ ಶುರು ಮಾಡಿದರು. ರೋಗಿ ತೀರಿಕೊಂಡ ಕೂಡಲೇ, ಪೈಪ್‌ಗಳನ್ನು ತೆಗೆಯುವ ಮೊದಲು, ಸುತ್ತ ಇದ್ದವರೆಲ್ಲ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಸುಮ್ಮನೆ ನಿಲ್ಲುವುದು. ಈ ಮನುಷ್ಯನಿಗೂ ಮನೆ ಇತ್ತು, ಮಂದಿ ಇದ್ದರು ಅಂತ ನೆನೆಯುವುದು, ಜೊತೆಗೆ ನಿಂತವರ ಶ್ರಮವನ್ನೂ ನೆನೆಯುವುದು. ಅಷ್ಟೇ. ಹಲವು ದೇಶಗಳ ಆಸ್ಪತ್ರೆಗಳು ಇದನ್ನು ತೆಗೆದುಕೊಂಡಿವೆ. ನಮ್ಮ ಕಡೆ ಇದಕ್ಕೆ ಹೊರಗಿನಿಂದ ಏನೂ ತರಬೇಕಿಲ್ಲ. ಮನೆಯವರು ಹಣೆಗೆ ವಿಭೂತಿ ಹಚ್ಚಬೇಕು, ಬಾಯಿಗೆ ನೀರು ಬಿಡಬೇಕು, ಕಿವಿಯಲ್ಲಿ ಕಲ್ಮಾ ಹೇಳಬೇಕು ಅಂದರೆ ಬಿಡಿ. ಮೊದಲೇ ಕರೆಯಿರಿ. ಆ ಹೊತ್ತು ನೀವೂ ಪಕ್ಕದಲ್ಲಿ ನಿಂತಿರಿ. ಮುಂದಿನ ಪೇಷೆಂಟ್‌ಗಾಗಿ ಬೆಡ್ ಖಾಲಿ ಮಾಡುವ ಅವಸರ ನನಗೂ ಗೊತ್ತು. ಆ ಅವಸರದಲ್ಲೂ ಒಂದು ನಿಮಿಷ ಸಿಗುತ್ತದೆ.

ಜೊತೆಗಿದ್ದವರ ಹತ್ತಿರ ಮಾತಾಡುವುದು ಇನ್ನೂ ಮುಖ್ಯ. ಕೆಲವು ಆಸ್ಪತ್ರೆಗಳಲ್ಲಿ ಕೆಟ್ಟ ಘಟನೆ ಆದ ಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಆದದ್ದನ್ನೆಲ್ಲ ಒಂದೇ ಸಲ ಹೇಳಿಸುತ್ತಾರೆ. ಇಂಥ ಒಂದೇ ಸಲದ ಸಭೆಗಳಿಂದ ಮುಂದಿನ ಮಾನಸಿಕ ಆಘಾತ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2002ರ ವಿಮರ್ಶೆ ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕು ಅಂತಲೇ ಹೇಳಿತು. ಹಾಗಾಗಿ ಒತ್ತಾಯ ಬೇಡ. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟ ಮೇಲೆ ಐದು ನಿಮಿಷ ಟೀ ಕುಡಿಯುತ್ತಾ, "ಇವತ್ತು ಯಾವುದು ಕಷ್ಟ ಆಯ್ತು?" ಅಂತ ಒಬ್ಬರನ್ನೊಬ್ಬರು ಕೇಳಿ. ಹೇಳಬೇಕು ಅನ್ನಿಸಿದವರು ಹೇಳಲಿ, ಉಳಿದವರು ಕೇಳಲಿ. ಯಾರು ತಪ್ಪು ಮಾಡಿದರು ಅನ್ನುವ ಲೆಕ್ಕ ಅಲ್ಲಿ ಬೇಡ, ಅದಕ್ಕೆ ಬೇರೆ ಮೀಟಿಂಗ್ ಇರಲಿ. ಆ ಟೀಗೆ ವಾರ್ಡ್ ಬಾಯ್, ಆಯಾ ಕೂಡ ಇರಲಿ. ದೇಹವನ್ನು ಒರೆಸಿ, ಬಟ್ಟೆ ಸುತ್ತಿ, ಸ್ಟ್ರೆಚರ್ ತಳ್ಳುವವರು ಅವರು. "ನಿಮಗೆ ಹೇಗಿದೆ?" ಅಂತ ಅವರನ್ನು ಯಾರೂ ಕೇಳುವುದಿಲ್ಲ. ನನಗೆ ತುಂಬಾ ನೋವಾಗುವ ವಿಷಯ ಇದು.

ಮಾತಾಡಲು ಯಾರೂ ಇಲ್ಲದ ದಿನ ಬರೆಯಿರಿ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ದೊಡ್ಡ ನೋವಿನ ಬಗ್ಗೆ ಬರೆದರು. ಬರೆದ ದಿನ ಮನಸ್ಸು ಭಾರ ಆಯಿತು. ಮುಂದಿನ ತಿಂಗಳುಗಳಲ್ಲಿ ಅವರು ಕಾಯಿಲೆ ಅಂತ ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಪೇಷೆಂಟ್ ಹೆಸರು ಬರೆಯಬೇಡಿ. ಬರೆದ ಮೇಲೆ ಬೇಕಾದರೆ ಹರಿದು ಹಾಕಿ.

ಮನೆಯಲ್ಲಿ ಕೇಳುವ ಮಾನಿಟರ್ ಸದ್ದಿಗೆ ಹೆದರಬೇಡಿ. ದಿನಕ್ಕೆ ನೂರಾರು ಸಲ ಕೇಳಿ, ಆ ಸದ್ದಿಗೆ ಎದ್ದು ಓಡಬೇಕು ಅಂತ ಮಿದುಳು ಕಲಿತಿದೆ. ಐಸಿಯುನಲ್ಲಿ ಹೊಡೆದುಕೊಳ್ಳುವ ಅಲಾರಂಗಳಲ್ಲಿ ಬಹುಪಾಲು ಏನೂ ಮಾಡಬೇಕಾಗದಂಥವು. ಇಸಿಜಿ ಎಲೆಕ್ಟ್ರೋಡ್‌ಗಳನ್ನು ದಿನಾ ಬದಲಿಸಿದರೆ, ಒಬ್ಬೊಬ್ಬ ಪೇಷೆಂಟ್‌ಗೂ ತಕ್ಕಂತೆ ಅಲಾರಂ ಮಿತಿ ಹೊಂದಿಸಿದರೆ ಇವು ಎದ್ದು ಕಾಣುವಷ್ಟು ಕಡಿಮೆಯಾಗುತ್ತವೆ. ಮಿತಿ ಬದಲಿಸುವಾಗ ಡಾಕ್ಟರನ್ನು ಕೇಳಿಯೇ ಮಾಡಿ.

ನಿದ್ದೆಯ ಬಗ್ಗೆ ಸ್ವಲ್ಪ. ಪಾಳಿ ಬದಲಾಗುವುದು ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಆದರೆ ಮೈಗೆ ಹೊಂದಿಕೊಳ್ಳಲು ಸುಲಭ. ಹಿಂದಕ್ಕೆ ತಿರುಗಿದರೆ ಕಷ್ಟ. ನೈಟ್ ಡ್ಯೂಟಿಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಆದರೆ ಮುಚ್ಚಿ, ಸಹೋದ್ಯೋಗಿಗೆ ಒಪ್ಪಿಸಿ. ಬೆಳಗಿನ ಜಾವ ಮೂರರ ನಂತರ ಟೀ ಬೇಡ. ನೈಟ್ ಮುಗಿಸಿ ಜಗಳೂರಿಗೆ ಹೋಗುವುದಿದ್ದರೆ ಸ್ಕೂಟಿ ಬಿಟ್ಟು ಬಸ್ಸಿನಲ್ಲಿ ಹೋಗಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಹಗಲು ಮಲಗುವುದು ಎಷ್ಟು ಕಷ್ಟ ಅಂತ ನಿಮ್ಮ ಯಜಮಾನರಿಗೆ, ಅತ್ತೆಗೆ ಬಾಯಿಬಿಟ್ಟು ಹೇಳಿ. ನೈಟ್ ಮಾಡಿ ಬಂದವಳು ಒಂಬತ್ತು ಗಂಟೆಗೆ ಅಡುಗೆಮನೆಗೆ ಹೋಗಬೇಕು ಅನ್ನುವ ಮನೆಗಳು ಇನ್ನೂ ಬಹಳ ಇವೆ. ಅದು ಬದಲಾಗದೆ ಉಳಿದ ಸಲಹೆಗಳಿಗೆ ಹೆಚ್ಚು ಬೆಲೆ ಇಲ್ಲ.

ಮಗಳ ಮೇಲೆ ರೇಗಿದ ಮೇಲೆ ಅವಳನ್ನು ಹತ್ತಿರ ಕರೆದು, "ಅಮ್ಮಂಗೆ ಇವತ್ತು ಸುಸ್ತಾಗಿದೆ, ನಿನ್ನ ಮೇಲೆ ಕೋಪ ಇಲ್ಲ ಪುಟ್ಟಿ" ಅಂತ ಹೇಳಿ. ಸಣ್ಣ ಮಕ್ಕಳು ಅಮ್ಮನ ಸಿಟ್ಟಿಗೆ ತಾವೇ ಕಾರಣ ಅಂದುಕೊಳ್ಳುತ್ತಾರೆ. ಈ ಒಂದು ವಾಕ್ಯ ಅದನ್ನು ತಪ್ಪಿಸುತ್ತದೆ. ಡ್ಯೂಟಿಗೂ ಮನೆಗೂ ನಡುವೆ ಹತ್ತು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ. ಕುಂದುವಾಡ ಕೆರೆ ಏರಿ ಮೇಲೆ ನಡೆಯುವುದಾದರೂ ಆಗಬಹುದು, ಗುಡಿ ಕಟ್ಟೆ ಮೇಲೆ ಕೂರುವುದಾದರೂ ಆಗಬಹುದು.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಆ ಹುಡುಗನ ಚಿತ್ರ ಬೇಡವೆಂದರೂ ಕಣ್ಣ ಮುಂದೆ ಬರುತ್ತಿದ್ದರೆ, ಆ ಬೆಡ್ ಕಡೆ ಹೋಗಲು ಕಾಲು ಹಿಂಜರಿಯುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ, ಇದೆಲ್ಲ ಘಟನೆಯಾಗಿ ಒಂದು ತಿಂಗಳು ದಾಟಿಯೂ ಹಾಗೇ ಇದ್ದರೆ ತೋರಿಸಲೇಬೇಕು. ಎರಡು ವಾರದಿಂದ ದಿನದ ಬಹುಪಾಲು ಮಂಕು ಕವಿದಿದ್ದರೂ ಅಷ್ಟೇ. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗೊತ್ತಾದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ ಇದ್ದರೆ ಕೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಅನ್ನುತ್ತದೆ. ಇನ್ನೊಂದು ಮಾತು, ಇದನ್ನು ನಾನು ಪ್ರತಿ ನರ್ಸ್‌ಗೂ ಹೇಳುತ್ತೇನೆ. ನಿದ್ದೆ ಬರಲಿಲ್ಲ ಅಂತ ವಾರ್ಡಿನ ಸ್ಟಾಕಿನಿಂದ ಒಂದು ಮಾತ್ರೆ ತೆಗೆದುಕೊಳ್ಳುವುದು ಬೇಡವೇ ಬೇಡ. ಕೈಗೆ ಸಿಗುವಷ್ಟು ಹತ್ತಿರ ಇರುವುದರಿಂದಲೇ ಅದು ನಿಮಗೆ ಜಾಸ್ತಿ ಅಪಾಯ.

ಕೊನೆಗೆ ಕೆಲಸ ಬಿಡುವ ಪ್ರಶ್ನೆ. ನೈಟ್ ಡ್ಯೂಟಿ ನಡೆಯುತ್ತಿರುವ ವಾರದಲ್ಲಿ ಇದನ್ನು ನಿರ್ಧರಿಸಬೇಡಿ. ಮೊದಲು ರಜೆ ಕೇಳಿ. ಆಮೇಲೂ ಹಾಗೇ ಇದ್ದರೆ ಕೆಲವು ತಿಂಗಳು ಡಯಾಲಿಸಿಸ್‌ಗೋ, ಒಪಿಡಿಗೋ ಬದಲಿ ಕೇಳಿ. ಐಸಿಯು ಬಿಟ್ಟು ಬೇರೆ ವಿಭಾಗಕ್ಕೆ ಹೋದ ನರ್ಸ್ ಸೋತವರಲ್ಲ, ಕಲಿತ ಕೈ ಎಲ್ಲಿದ್ದರೂ ಕೆಲಸಕ್ಕೆ ಬರುತ್ತದೆ. ಮೇಟ್ರನ್ ಹತ್ತಿರ ಹೋಗುವಾಗ "ನನಗೆ ಆಗ್ತಿಲ್ಲ" ಅಂತ ಮಾತ್ರ ಹೇಳಬೇಡಿ, ಲೆಕ್ಕ ಬರೆದುಕೊಂಡು ಹೋಗಿ. ಹಿಂದಿನ ತಿಂಗಳು ಎಷ್ಟು ನೈಟ್ ಆಯಿತು, ಸತತವಾಗಿ ಎಷ್ಟು ಆಯಿತು, ಒಂದೊಂದು ಪಾಳಿಯಲ್ಲಿ ಎಷ್ಟು ವೆಂಟಿಲೇಟರ್ ಪೇಷೆಂಟ್‌ಗಳಿಗೆ ನೀವೊಬ್ಬರೇ ಇದ್ದಿರಿ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಮೂವರನ್ನು ಒಬ್ಬರೇ ನೋಡುವ ಕಡೆ ಪ್ರಾಣಾಯಾಮ ಹೇಳಿಕೊಟ್ಟರೆ ಸಾಲದು, ಇನ್ನೊಬ್ಬ ನರ್ಸ್ ಬೇಕು. ನಿಮ್ಮ ಜೊತೆ ಇನ್ನಿಬ್ಬರು ಸಿಸ್ಟರ್‌ಗಳು ಅದೇ ಕಾಗದಕ್ಕೆ ಸಹಿ ಹಾಕಿದರೆ ಒಳ್ಳೆಯದು. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.